ಡೆಲ್ಮಾ ಟೀಚರ ಆಫ್ರಿಕಾ

ಕುವೈತಿನ ಖೈತಾನ್ ಬಡಾವಣೆಯ ಆ ಇಂಡಿಯನ್ ಶಾಲೆಯಲ್ಲಿ ಹದಿನೆಂಟು ವರ್ಷಗಳಿಂದ ಆಫ್ರಿಕಾ ಖಂಡ ಡೆಲ್ಮಾ ಟೀಚರದಾಗಿತ್ತು. ಯುರೋಪನ್ನು ಯಾರು ಬೇಕಾದರೂ ಪಾಠ ಮಾಡಲಿ, ಏಷ್ಯಾವನ್ನು ನಿನ್ನೆ ಬಂದ ಹೊಸಬರಿಗೆ ಕೊಡಲಿ, ಅವಳದೇನೂ ತಕರಾರಿರಲಿಲ್ಲ. ಆಫ್ರಿಕಾಕ್ಕೆ ಮಾತ್ರ ಯಾರೂ ಕೈ ಹಾಕುವ ಹಾಗಿಲ್ಲ. ಒಮ್ಮೆ ಅವಳು ಟೈಫಾಯ್ಡ್ ಬಂದು ಎರಡು ವಾರ ಮಲಗಿದ್ದಾಗ ಯಾರೋ ಆ ಪಾಠ ಮುಗಿಸಿಬಿಟ್ಟರೆಂದು ತಿಳಿದು, ವಾಪಸು ಬಂದವಳೇ ಮೊದಲಿನಿಂದ ಪುನಃ ಮಾಡಿದ್ದಳು. ಮಕ್ಕಳಿಗೆ ಆ ವರ್ಷ ಸಹಾರಾ ಮರುಭೂಮಿಯನ್ನು ಎರಡು ಸಲ ದಾಟುವ ಯೋಗ ಬಂತು.

ಇಷ್ಟು ಅಧಿಕಾರ ಎಲ್ಲಿಂದ ಬಂತೆಂದರೆ, ಅವಳ ತಂದೆಯ ತಂದೆ ನೈರೋಬಿಯ ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಬಿಳಿ ಸೂಟು ತೊಟ್ಟು ಒಂದು ಬಿದಿರಿನ ಕುರ್ಚಿಗೆ ಕೈ ಊರಿ ನಿಂತ ಅವರ ಫೋಟೋ ಶಿರ್ವದ ಮನೆಯ ಗೋಡೆಯಲ್ಲಿತ್ತು. ಡೆಲ್ಮಾ ಹುಟ್ಟುವ ಮೊದಲೇ ಅವರು ತೀರಿಕೊಂಡಿದ್ದರಿಂದ ಅವರ ಬಾಯಿಂದ ಅವಳು ಒಂದು ಮಾತನ್ನೂ ಕೇಳಿದವಳಲ್ಲ. ಆದರೂ ಪ್ರತಿ ವರ್ಷ ಪಾಠದ ಮೊದಲ ದಿನ, ಉದ್ದ ಕೋಲನ್ನು ಗೋಡೆಯ ನಕ್ಷೆಯ ಮೇಲಿಟ್ಟು, “ಮೈ ಗ್ರ್ಯಾಂಡ್‌ಫಾದರ್ ವಾಸ್ ಇನ್ ಆಫ್ರಿಕಾ” ಎಂದು ಶುರು ಮಾಡುತ್ತಿದ್ದಳು. ತರಗತಿ ಒಮ್ಮೆ ಸ್ತಬ್ಧವಾಗುತ್ತಿತ್ತು. ಆ ಒಂದು ನಿಮಿಷಕ್ಕಾಗಿ ಅವಳು ವರ್ಷವಿಡೀ ಕಾಯುತ್ತಿದ್ದಳೆಂದರೆ ಸುಳ್ಳಲ್ಲ. ಆಮೇಲೆ ಉತ್ತರ ಆಫ್ರಿಕಾದಿಂದ ಕೆಳಗಿಳಿಯುತ್ತ ಐವತ್ತನಾಲ್ಕು ದೇಶ, ಐವತ್ತನಾಲ್ಕು ರಾಜಧಾನಿ, ನದಿಗಳು, ಗಣಿಗಳು, ಗುಲಾಮರ ವ್ಯಾಪಾರ, ಸ್ವಾತಂತ್ರ್ಯದ ಇಸವಿಗಳು. ಎಲ್ಲವನ್ನೂ ಬರೆಸಿ, ಮುಖ್ಯವಾದದ್ದರ ಕೆಳಗೆ ಕೆಂಪು ಶಾಯಿಯ ಗೆರೆ ಎಳೆಸುತ್ತಿದ್ದಳು.

ಮಂಗಳೂರಿನಲ್ಲಿ ಬಿ.ಎಡ್. ಮುಗಿಸಿ, ಬೊನವೆಂಚರ್‌ನನ್ನು ಮದುವೆಯಾಗಿ ಕುವೈತಿಗೆ ಬಂದವಳು ಡೆಲ್ಮಾ. ಗಂಡ ಏರ್‌ಕಂಡೀಷನ್ ಬಿಡಿಭಾಗಗಳ ಅಂಗಡಿಯಲ್ಲಿ ಸೇಲ್ಸ್ ನೋಡಿಕೊಳ್ಳುತ್ತಿದ್ದ. ಜಗಳ ಗೊತ್ತಿಲ್ಲದ, ಊಟ ಆದ ಮೇಲೆ ಟಿ.ವಿ. ಮುಂದೆ ನಿದ್ದೆಗೆ ಜಾರುವ ಮನುಷ್ಯ. ಒಬ್ಬಳೇ ಮಗಳು ಶರ್ಲಿನ್, ಅದೇ ಶಾಲೆಯ ಏಳನೇ ತರಗತಿ. ಅಬ್ಬಾಸಿಯಾದ ನಾಲ್ಕನೇ ಮಹಡಿಯ ಫ್ಲ್ಯಾಟು, ಕೆಳಗೆ ಕೇರಳದವರ ತರಕಾರಿ ಅಂಗಡಿ, ಶುಕ್ರವಾರ ಇಗರ್ಜಿ, ವರ್ಷಕ್ಕೊಮ್ಮೆ ಊರು. ಈ ಬದುಕಿನಲ್ಲಿ ಡೆಲ್ಮಾ ಬಾಯಿಬಿಟ್ಟು ಬೇಡಿಕೊಂಡದ್ದು ಒಂದೇ: ಸಮಾಜ ವಿಜ್ಞಾನ ವಿಭಾಗದ ಮುಖ್ಯಸ್ಥೆಯ ಕುರ್ಚಿ. ಜೂನ್ ತಿಂಗಳಲ್ಲಿ ಹಳೆಯ ಮುಖ್ಯಸ್ಥರು ನಿವೃತ್ತರಾಗಿ ಊರಿಗೆ ಹೋದಾಗ ಆ ಕುರ್ಚಿ ಖಾಲಿಯಾಯಿತು. ನವೆಂಬರಿನ ವಸ್ತುಪ್ರದರ್ಶನ ಮುಗಿಯಲಿ, ಆಮೇಲೆ ಹೆಸರು ಹೇಳುತ್ತೇನೆ ಎಂದರು ಪ್ರಿನ್ಸಿಪಾಲ್ ಅನಸೂಯಮ್ಮ. ಪ್ರದರ್ಶನದ ವಿಷಯವನ್ನೂ ಅವರೇ ಗೊತ್ತು ಮಾಡಿದ್ದರು: ಆಫ್ರಿಕಾ, ಅಂದು ಮತ್ತು ಇಂದು. ಡೆಲ್ಮಾಗೆ ಇನ್ನೇನು ಬೇಕು? ಆ ದಿನ ಮನೆಗೆ ಬಂದು ಮೀನು ಹುರಿದು ಹಾಕಿದಳು, ವಾರದ ಮಧ್ಯದಲ್ಲಿ.

ಸೆಪ್ಟೆಂಬರಿನಲ್ಲಿ ಕಾರ್ಮೆಲ್ ಬಂದಳು.

ಅಬ್ಬಾಸಿಯಾದಿಂದ ಟೀಚರುಗಳನ್ನು ಕರೆದೊಯ್ಯುವ ವ್ಯಾನಿನಲ್ಲಿ ಹಿಂದಿನ ಸೀಟಿನ ಮೂಲೆಯಲ್ಲಿ ಒಬ್ಬ ಹೊಸ ಹೆಂಗಸು ಕುಳಿತಿದ್ದಳು. ಕಪ್ಪು ಮೈಬಣ್ಣ, ದಟ್ಟ ಗುಂಗುರು ಕೂದಲು, ಅಗಲ ಹಣೆ, ನೆಟ್ಟಗಿನ ಬೆನ್ನು. “ನ್ಯೂ ಟೀಚರ್” ಎಂದು ಡ್ರೈವರ್ ಹೇಳಿದ, ಅಷ್ಟೇ. ಡೆಲ್ಮಾ ಒಂದು ಗುಡ್ ಮಾರ್ನಿಂಗ್ ಎಸೆದು, ಗಣಿತದ ಟೀಚರ್ ಪ್ರೀಮಾಳ ಪಕ್ಕ ಕುಳಿತಳು. ಇಬ್ಬರೂ ಕರಾವಳಿಯವರು, ಇಬ್ಬರಿಗೂ ಮನೆಮಾತು ಕೊಂಕಣಿ. ಮಲಯಾಳಿಗಳ, ಪಂಜಾಬಿಗಳ ನಡುವೆ ಕುಳಿತು ಅವರನ್ನೇ ಕೊಂಕಣಿಯಲ್ಲಿ ಆಡಿಕೊಳ್ಳುವುದು ಈ ಇಬ್ಬರಿಗೆ ಬಹಳ ಕಾಲದ ಅಭ್ಯಾಸ. ಎದುರಿಗಿರುವವರಿಗೆ ತಿಳಿಯದ ಭಾಷೆಯೊಂದು ಬಾಯಲ್ಲಿದ್ದರೆ ನಾಲಿಗೆಗೆ ಬಲ ಬರುತ್ತದೆ.

ಇಥಿಯೋಪಿಯಾದವಳೇ ಇರಬೇಕು ಎಂದಳು ಡೆಲ್ಮಾ. ಪ್ರದರ್ಶನಕ್ಕೆ ಜೀವಂತ ಮಾಡೆಲ್ ತರಿಸಿದ್ದಾರೆ ನೋಡು ಎಂದಳು. ಪ್ರೀಮಾ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ಎರಡನೆಯ ದಿನ ಆ ಹೆಂಗಸಿನ ಚೂಡಿದಾರ್, ಮೂರನೆಯ ದಿನ ಅವಳ ಡಬ್ಬಿಯ ಊಟ. ನಾಲ್ಕನೆಯ ದಿನ ಡೆಲ್ಮಾ ಅವಳ ಕೂದಲಿಗೆ ಬಂದಳು. ಅದರೊಳಗೆ ಬಾಚಣಿಗೆ ಹೋಗುತ್ತದೋ ಇಲ್ಲವೋ ಎಂದು ಗಟ್ಟಿಯಾಗಿಯೇ ಕೇಳಿದಳು.

“ವೆತಾ ಬಾಯ್, ತೇಲ್ ಮಾತ್ರ್ ಚಡ್ ಜಾಯ್” ಎಂದಿತು ಹಿಂದಿನ ಸೀಟು. ಹೋಗುತ್ತದೆ, ಎಣ್ಣೆ ಮಾತ್ರ ಹೆಚ್ಚು ಬೇಕು ಅಂತ.

ಪ್ರೀಮಾ ಕಿಟಕಿಯ ಹೊರಗೆ ನೋಡತೊಡಗಿದಳು. ಅಲ್ಲಿ ನೋಡಲಿಕ್ಕೆ ಸಿಕ್ಸ್ತ್ ರಿಂಗ್ ರೋಡ್ ಬಿಟ್ಟು ಏನೂ ಇರಲಿಲ್ಲ.

ಡೆಲ್ಮಾ ತಿರುಗಿ ಕುಳಿತು ಕೇಳಿದಳು, “ನೀವು... ನಿಮಗೆ ಕೊಂಕಣಿ ಬರ್ತದಾ?”

“ಬರ್ತೈತ್ರಿ ಅಕ್ಕಾರ, ಕನ್ನಡಾನೂ ಬರ್ತೈತಿ. ನಾವು ಹಳಿಯಾಳದ ಕಡೆಯವರು. ಸಿದ್ದಿ ಜನ. ನಾ ಕಾರ್ಮೆಲ್.” ಕೋಪವಿರಲಿಲ್ಲ ಆ ದನಿಯಲ್ಲಿ. ಕೋಪ ಇದ್ದಿದ್ದರೆ ಡೆಲ್ಮಾಗೆ ಎಷ್ಟೋ ಹಗುರವಾಗುತ್ತಿತ್ತು.

ಸಾರಿ ಎಂದಳು, ತಮಾಷೆಗೆ ಹೇಳಿದ್ದು ಎಂದಳು, ಮುಖವೆಲ್ಲ ಬಿಸಿಯಾಗಿತ್ತು. ಉತ್ತರ ಕನ್ನಡದ ಕಾಡಿನಲ್ಲಿ ಸಿದ್ದಿಗಳು ಇದ್ದಾರೆಂದು ಅವಳಿಗೆ ಗೊತ್ತಿಲ್ಲದ್ದಲ್ಲ, ಬಿ.ಎಡ್. ಓದುವಾಗ ಪುಸ್ತಕದಲ್ಲಿ ಕೆಂಪು ಗೆರೆ ಎಳೆದಿದ್ದಳು. ಆ ಗೆರೆಯ ಮೇಲಿನವರು ಒಂದು ದಿನ ವ್ಯಾನಿನ ಹಿಂದಿನ ಸೀಟಿನಲ್ಲಿ ಕುಳಿತಾರು ಎಂದು ಎಣಿಸಿರಲಿಲ್ಲ. ನಾಚಿಕೆಗೆ ಒಂದು ಕೆಟ್ಟ ಗುಣವಿದೆ. ಅದನ್ನು ಅಲ್ಲೇ ತೊಳೆದುಕೊಳ್ಳದಿದ್ದರೆ, ನಮ್ಮನ್ನು ನಾಚಿಸಿದವರ ಮೇಲೆ ಸಿಟ್ಟಾಗಿ ತಿರುಗುತ್ತದೆ. ಡೆಲ್ಮಾಗೆ ಹಾಗೇ ಆಯಿತು. ಆ ದಿನದಿಂದ ಅವಳು ಕಾರ್ಮೆಲ್‌ಗೆ ಗುಡ್ ಮಾರ್ನಿಂಗ್ ಹೇಳಿದಳೇ ಹೊರತು ಊರು, ಮನೆ, ಮಕ್ಕಳು, ಇಲ್ಲಿಗೆ ಯಾಕೆ ಬಂದೆ, ಎಷ್ಟು ದಿನ ಇರುತ್ತೀ ಎಂಬ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಪ್ರಿನ್ಸಿಪಾಲ್ ಇಬ್ಬರನ್ನೂ ಕರೆದು ಕೂರಿಸಿದರು. ಅನಸೂಯಮ್ಮ ಕೋಲಾರದ ಕಡೆಯ ಹೆಂಗಸು, ಮಾತು ಚುಟುಕು. “ಡೆಲ್ಮಾ, ನೀವು ಆಫ್ರಿಕಾದ ಅಂದು ನೋಡ್ಕೊಳ್ಳಿ. ಕಾರ್ಮೆಲ್, ನೀವು ಇಂದು. ಕಿತ್ತಾಡ್ಬೇಡಿ, ಇಬ್ರೂ ಸೇರಿ ಚೆನ್ನಾಗಿ ಮಾಡಿ.”

ಕಿತ್ತಾಡುವ ಮಾತು ಯಾಕೆ ಬಂತು ಎಂದು ಡೆಲ್ಮಾ ಮೂರು ದಿನ ತಲೆ ಕೆಡಿಸಿಕೊಂಡಳು. ಪ್ರೀಮಾಳನ್ನು ಕೇಳಿದಳು. “ಇನ್ನೆಂತಕ್ಕೆ ಮಾರಾಯ್ತಿ? ಕುರ್ಚಿ ಒಂದೇ ಉಂಟಲ್ಲಾ” ಎಂದಳು ಪ್ರೀಮಾ, ಲೆಕ್ಕದ ಟೀಚರ್ ಆದ್ದರಿಂದ. ಅಲ್ಲಿಗೆ ಡೆಲ್ಮಾಗೆ ಸಂಶಯ ಉಳಿಯಲಿಲ್ಲ. ಬಂದು ತಿಂಗಳಾಗಿಲ್ಲ, ಇವಳಿಗೆ ಆಗಲೇ ಸಮಪಾಲು. ನಾಳೆ ಕುರ್ಚಿ.

ಏಳನೇ ತರಗತಿಯ ಮೂವತ್ತೆರಡು ಹುಡುಗಿಯರನ್ನು ಪ್ರದರ್ಶನಕ್ಕೆ ಆರಿಸಿದ್ದರು. ಅರ್ಧ ದಿನ ಡೆಲ್ಮಾಳ ಬಳಿ, ಅರ್ಧ ದಿನ ಕಾರ್ಮೆಲ್ ಬಳಿ. ಡೆಲ್ಮಾ ಥರ್ಮೋಕೋಲ್ ತರಿಸಿ ಪಿರಮಿಡ್ ಕತ್ತರಿಸಿದಳು, ಚಾರ್ಟುಗಳಲ್ಲಿ ಇಸವಿಗಳನ್ನು ಬರೆಸಿದಳು. ಮೊದಲ ದಿನ ಎಂದಿನಂತೆ ಅಜ್ಜನ ಮಾತಿನಿಂದ ಶುರು ಮಾಡಿದಳು. ಹುಡುಗಿಯರು ಸ್ತಬ್ಧರಾಗಲಿಲ್ಲ. ಮುಂದಿನ ಬೆಂಚಿನ ನಿಖಿತಾ ಕೈ ಎತ್ತಿದಳು. “ಮಿಸ್, ಯುವರ್ ಗ್ರ್ಯಾಂಡ್‌ಫಾದರ್ ವೆಂಟ್ ಟು ಆಫ್ರಿಕಾ. ಬಟ್ ಕಾರ್ಮೆಲ್ ಮಿಸ್ಸಸ್ ಗ್ರ್ಯಾಂಡ್‌ಫಾದರ್ಸ್ ಕೇಮ್ ಫ್ರಮ್ ಆಫ್ರಿಕಾ!”

ಹದಿನೆಂಟು ವರ್ಷ ಮೆರೆದ ಅಜ್ಜ, ಬಿಳಿ ಸೂಟು ಸಮೇತ, ಒಂದೇ ಏಟಿಗೆ ನೆಲಕ್ಕೆ ಬಿದ್ದರು. ಡೆಲ್ಮಾ ಕೋಲನ್ನು ನಕ್ಷೆಯ ಮೇಲೆ ಬಡಿದು, “ಕೀಪ್ ಕ್ವಾಯಟ್, ಈಜಿಪ್ಟ್” ಎಂದಳು.

ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಅವಳು ಕಾರ್ಮೆಲ್‌ಳ ಕೋಣೆಯ ಹೊರಗೆ ನಿಂತು ಕೇಳಿಸಿಕೊಂಡಳು. ನೋಟ್‌ಬುಕ್ ಮರೆತು ಬಂದದ್ದೆಂದು ತನಗೆ ತಾನೇ ನೆಪ ಹೇಳಿಕೊಂಡಿದ್ದಳು. ಒಳಗೆ ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಒಂದು ದೊಡ್ಡ ಬಟ್ಟೆ ಹಾಸಿ, ಸುತ್ತ ಹುಡುಗಿಯರು ಸೂಜಿದಾರ ಹಿಡಿದು ಕುಳಿತಿದ್ದರು. ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿಯನ್ನು ಕಾರ್ಮೆಲ್ ಹೊಲಿಸುತ್ತಿದ್ದಳು. ಅಂಚಿನಿಂದ ಶುರು ಮಾಡಿ ಸುತ್ತು ಬರುತ್ತ ಬರುತ್ತ ನಡುವಿಗೆ ಮುಟ್ಟುವುದು ಆ ಕೆಲಸದ ಕ್ರಮ. ಆಫ್ರಿಕಾದ ಆಕಾರದ ಕೌದಿ, ಒಂದೊಂದು ದೇಶಕ್ಕೆ ಒಂದೊಂದು ತುಂಡು. ಯಾವ ದೇಶ ಆರಿಸಿಕೊಂಡಿರೋ ಆ ದೇಶದವರು ಈ ಕುವೈತಿನಲ್ಲಿ ಯಾರಾದರೂ ಇದ್ದಾರಾ ಹುಡುಕಿ, ಅವರ ಹತ್ತಿರ ಮಾತಾಡಿ, ಬಟ್ಟೆ ಸಿಕ್ಕರೆ ತನ್ನಿ ಎಂದಿದ್ದಳು. ಒಬ್ಬಳು ಪಕ್ಕದ ಮನೆಯ ಇಥಿಯೋಪಿಯಾದ ಕೆಲಸದಾಕೆಯ ಬಿಳಿ ಶಾಲಿನ ಅಂಚು ತಂದಿದ್ದಳು. ಒಬ್ಬಳು ಸೂಡಾನಿನ ಡಾಕ್ಟರರ ತಲೆಗೆ ಸುತ್ತುವ ಬಟ್ಟೆ. ಇನ್ನೊಬ್ಬಳಿಗೆ ಶಾಲೆಯ ಗೇಟಿನ ಕಾವಲುಗಾರನೇ ಕ್ಯಾಮರೂನಿನವನೆಂದು ತಿಳಿದು, ಅವನು ತನ್ನ ಹಳೆಯ ಫುಟ್ಬಾಲ್ ಅಂಗಿಯನ್ನೇ ಕೊಟ್ಟು, ತಾನು ಊರಿನಲ್ಲಿ ಇತಿಹಾಸದಲ್ಲಿ ಬಿ.ಎ. ಮಾಡಿದವನೆಂದು ಹೇಳಿದ್ದನಂತೆ. ಆರು ವರ್ಷದಿಂದ ಅವನ ಗೇಟಿನಲ್ಲಿ ಒಳಗೆ ಹೊರಗೆ ಓಡಾಡಿದ ಡೆಲ್ಮಾಗೆ ಅವನ ಹೆಸರೂ ಗೊತ್ತಿರಲಿಲ್ಲ.

“ಮಿಸ್, ನಿಮ್ಮವರು ಯಾವ ಕಂಟ್ರಿಯಿಂದ ಬಂದಿದ್ದು?” ಕನ್ನಡ ಬಲ್ಲ ಒಬ್ಬ ಹುಡುಗಿ ಕೇಳಿದಳು.

“ಗೊತ್ತಿಲ್ಲವ್ವಾ. ಹಡಗಿನ್ಯಾಗ ತುಂಬ್ಕೊಂಡು ಗೋವಾಕ್ಕ ತಂದು ಮಾರಿದ್ರು. ಮಾರಿದವರು ಊರ ಹೆಸರು ಬರೀಲಿಲ್ಲ. ನಮ್ಮ ಮಂದಿ ತಪ್ಪಿಸ್ಕೊಂಡು ಘಟ್ಟ ಹತ್ತಿ ಕಾಡು ಸೇರಿದ್ರು. ಅದಕ್ಕ ನಾ ಐವತ್ತೈದನೇ ತುಂಡು ಒಂದು ಇಟ್ಟೇನಿ. ಅದಕ್ಕ ಹೆಸರಿಲ್ಲ. ಎಲ್ಲಿ ಹೊಲೀಬೇಕೂಂತ ನೀವ ಹೇಳ್ರಿ.”

ಅದನ್ನೇ ಉಳಿದವರಿಗೆ ಇಂಗ್ಲಿಷಿನಲ್ಲೂ ಹೇಳಿದಳು. ಹುಡುಗಿಯರು ಸ್ತಬ್ಧರಾದರು. ತನಗೆ ಸೇರಬೇಕಾದ ಆ ಒಂದು ನಿಮಿಷ ಅಲ್ಲಿ, ಬಾಗಿಲಾಚೆ, ಇನ್ನೊಬ್ಬಳಿಗೆ ಸಲ್ಲುವುದನ್ನು ಡೆಲ್ಮಾ ನೋಡಿದಳು. ಹುಟ್ಟಿನಿಂದ ಬಂದದ್ದನ್ನು ಹೇಳಿಕೊಂಡು ಚಪ್ಪಾಳೆ ಗಿಟ್ಟಿಸುವುದು ಯಾವ ಮಹಾ ಪಾಠ? ತಾನು ಐವತ್ತನಾಲ್ಕು ರಾಜಧಾನಿ ಬಾಯಿಪಾಠ ಮಾಡಿದ್ದಕ್ಕೆ ಬೆಲೆಯೇ ಇಲ್ಲವೇ? ಹೀಗೆಲ್ಲ ಅಂದುಕೊಂಡು, ಅಂದುಕೊಂಡದ್ದು ಎಷ್ಟು ಸಣ್ಣದೆಂದು ಗೊತ್ತಾಗಿ, ಅದಕ್ಕೂ ಕಾರ್ಮೆಲ್ ಮೇಲೆಯೇ ಸಿಟ್ಟು ಮಾಡಿಕೊಂಡಳು.

ಅಷ್ಟಾದರೂ ತಡೆದುಕೊಳ್ಳುತ್ತಿದ್ದಳೇನೋ. ಹುಡುಗಿಯರ ಸಾಲಿನ ಕೊನೆಯಲ್ಲಿ ಶರ್ಲಿನ್ ಕುಳಿತಿದ್ದಳು. ಸೂಜಿಗೆ ದಾರ ಪೋಣಿಸಲಾಗದೆ ಅವಳು ಕಾರ್ಮೆಲ್ ಕಡೆ ಕೈಚಾಚಿ ಏನೋ ಕೇಳಿದಳು. ಕೊಂಕಣಿಯಲ್ಲಿ ಕೇಳಿದಳು.

ಶರ್ಲಿನ್‌ಗೆ ಕೊಂಕಣಿ ಅರ್ಥವಾಗುತ್ತದೆಂದು ಡೆಲ್ಮಾಗೆ ಗೊತ್ತು. ಆದರೆ ಮಗಳು ಮಾತು ಕಲಿತಂದಿನಿಂದ ತಾಯಿಗೆ ಇಂಗ್ಲಿಷಿನಲ್ಲಿ ಬಿಟ್ಟು ಉತ್ತರ ಕೊಟ್ಟವಳಲ್ಲ. ಕೊಂಕಣಿ ಬಾಯಿಗೆ ಬರಲೆಂದು ಜಪಸರ ಕೈಗಿಟ್ಟು ಕೂರಿಸಿದ್ದಳು, ಊರಿಗೆ ಕರೆದೊಯ್ದು ಎರಡು ತಿಂಗಳು ಅಜ್ಜಿಯ ಬಳಿ ಬಿಟ್ಟಿದ್ದಳು, ಬೈದಿದ್ದಳು, ಚಾಕೊಲೇಟಿನ ಆಸೆ ತೋರಿಸಿದ್ದಳು. “ನೋ ಮಮ್ಮಾ, ಇಟ್ ಸೌಂಡ್ಸ್ ಫನ್ನಿ ವೆನ್ ಐ ಸೇ ಇಟ್” ಎನ್ನುತ್ತಿತ್ತು ಹುಡುಗಿ. ಈಗ ನೋಡಿದರೆ, ಹಳಿಯಾಳದ ಆ ಒರಟು ಕೊಂಕಣಿಗೆ ತನ್ನ ಮುರುಕು ಕೊಂಕಣಿಯಲ್ಲಿ ಉತ್ತರ ಕೊಡುತ್ತ, ತಪ್ಪಿದಾಗ ನಗುತ್ತ, ಕಾರ್ಮೆಲ್‌ಳ ಮಂಡಿಗೆ ಒರಗಿ ಕುಳಿತಿದೆ. ಕುರ್ಚಿ ಹೋದರೆ ಹೋಗಲಿ, ಇದು ಹೇಗೆ ಹೋಯಿತು? ಡೆಲ್ಮಾ ಟಾಯ್ಲೆಟ್ಟಿಗೆ ಹೋಗಿ ನಲ್ಲಿ ಬಿಟ್ಟು ಅತ್ತಳು.

ಆ ಸಂಜೆ ಶರ್ಲಿನ್ ಅಡುಗೆಮನೆಗೆ ಬಂದು, ತನ್ನದು ಕೆನ್ಯಾ, ಮುತ್ತಜ್ಜ ಅಲ್ಲಿದ್ದರಲ್ಲ, ಮನೆಯಲ್ಲಿ ಅವರದ್ದು ಏನಾದರೂ ಬಟ್ಟೆ ಇದೆಯೇ ಎಂದು ಕೇಳಿದಳು. ಕಪಾಟಿನ ಮೇಲಿನ ಸೂಟ್‌ಕೇಸಿನಲ್ಲಿ ಅಜ್ಜನ ಒಂದು ಕರವಸ್ತ್ರವಿತ್ತು, ಮೂಲೆಯಲ್ಲಿ ನೀಲಿ ದಾರದ ಅಕ್ಷರ ಕಸೂತಿ ಮಾಡಿದ್ದು.

“ಇಲ್ಲ. ಎಂತದೂ ಇಲ್ಲ” ಎಂದಳು ಡೆಲ್ಮಾ. “ನಿನ್ನ ಕಾರ್ಮೆಲ್ ಮಿಸ್ಸಿನ ಹತ್ರ ಕೇಳು, ಅವಳತ್ರ ಎಲ್ಲ ಉಂಟಲ್ಲ.”

“ಓಕೆ” ಎಂದು ಹುಡುಗಿ ಹೊರಟುಹೋಯಿತು. ಒಳ್ಳೆಯ ಮಗುವಾದ್ದರಿಂದ ಬಾಗಿಲು ಬಡಿಯಲಿಲ್ಲ.

ಪ್ರದರ್ಶನಕ್ಕೆ ಎರಡು ವಾರ ಉಳಿದಿರುವಾಗ ಕೌದಿ ಮುಗಿಯುತ್ತ ಬಂತು. ಬೇರೆ ತರಗತಿಯ ಟೀಚರುಗಳು ಬಿಡುವಿನಲ್ಲಿ ಬಂದು ನೋಡಿ ಫೋಟೋ ತೆಗೆದುಕೊಂಡು ಹೋದರು. ಪ್ರೀಮಾ ಕೂಡ ಹೋದಳು. ಹೋಗಿ ಬಂದು, “ಚಂದ ಉಂಟು ಮಾರಾಯ್ತಿ, ಸುಳ್ಳು ಹೇಳ್ಬಾರ್ದು” ಎಂದಳು. ಸುಳ್ಳು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು ಇವಳದ್ದು ಎಂದು ಡೆಲ್ಮಾ ಹಲ್ಲು ಕಚ್ಚಿದಳು. ಥರ್ಮೋಕೋಲಿನ ಪಿರಮಿಡ್ಡಿನ ಒಂದು ಮೂಲೆ ಮುರಿದಿತ್ತು. ಅದನ್ನು ಅಂಟಿಸಲು ಒಬ್ಬ ಹುಡುಗಿಯೂ ಉಳಿದಿರಲಿಲ್ಲ.

ಮರುದಿನ ಅವಳು ಪ್ರಿನ್ಸಿಪಾಲರ ಕೋಣೆಯ ಬಾಗಿಲು ತಟ್ಟಿದಳು. ಏನು ಹೇಳಬೇಕೆಂದು ಪೂರ್ತಿ ಗೊತ್ತಿಲ್ಲದೆಯೇ ಒಳಗೆ ಹೋದಳೆಂದು ಅವಳು ಆಮೇಲೆ ತನಗೆ ತಾನೇ ಹೇಳಿಕೊಂಡದ್ದುಂಟು. ಅದು ನಿಜವಲ್ಲ. ವ್ಯಾನಿನಲ್ಲಿ ಬರುವಾಗಲೇ ಮಾತುಗಳನ್ನು ಜೋಡಿಸಿಕೊಂಡಿದ್ದಳು.

“ಮೇಡಂ, ಏಳನೇ ಕ್ಲಾಸಿನ ಒಬ್ರು ಪೇರೆಂಟ್ ನನ್ನತ್ರ ಹೇಳಿದ್ರು. ಯಾರ್‍ಯಾರೋ ಉಟ್ಟ ಹಳೇ ಬಟ್ಟೆ ಮುಟ್ಟಿ ಮಗಳಿಗೆ ಮೈಯೆಲ್ಲ ತುರಿಕೆ ಬಂದಿದೆಯಂತೆ. ಹೆಸರು ಹೇಳ್ಬೇಡಿ ಅಂದಿದ್ದಾರೆ. ನಾನು ಹೇಳುದು ಸರಿಯಾ ತಪ್ಪಾ ಗೊತ್ತಿಲ್ಲ, ಶಾಲೆಗೆ ಹೆಸರು ಕೆಡ್ಬಾರ್ದು ಅಂತ...”

ಅನಸೂಯಮ್ಮ ಪೆನ್ನು ಕೆಳಗಿಟ್ಟರು. “ಅಯ್ಯೋ, ಮಿನಿಸ್ಟ್ರಿಗೆ ಒಂದು ಕಂಪ್ಲೇಂಟ್ ಹೋದ್ರೆ ಖಲಾಸ್. ಒಳ್ಳೇದಾಯ್ತು ಹೇಳಿದ್ದು ನೀವು.”

ಅಂದು ಮಧ್ಯಾಹ್ನವೇ ಕೌದಿ ಪ್ರದರ್ಶನದಿಂದ ಹೊರಬಿತ್ತು. ತೂಗುಹಾಕಲು ಹಾಲಿನಲ್ಲಿ ಹೊಡೆದಿದ್ದ ಮೊಳೆಗಳನ್ನೂ ಕಿತ್ತರು. ಕಾರ್ಮೆಲ್ ಅದನ್ನು ನಾಲ್ಕಾಗಿ ಮಡಚಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಡುವಾಗ ಹುಡುಗಿಯರು ಸುತ್ತ ನಿಂತು ಅತ್ತರು. ಶರ್ಲಿನ್ ಆ ರಾತ್ರಿ ಊಟ ಮಾಡಲಿಲ್ಲ. ಡೆಲ್ಮಾ ಮಾತ್ರ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು. ಒಂದು ತುತ್ತೂ ರುಚಿಸಲಿಲ್ಲ, ಆದರೂ ಉಂಡಳು.

ನಂತರದ ವಾರ ಕಾರ್ಮೆಲ್ ವ್ಯಾನಿನಲ್ಲಿ ಮನೆಗೆ ಮರಳಲಿಲ್ಲ. ಶಾಲೆ ಬಿಟ್ಟ ಮೇಲೆ ಎಲ್ಲಿಗೋ ಹೋಗುತ್ತಾಳೆ ಎಂದು ಪ್ರೀಮಾ ಸುದ್ದಿ ತಂದಳು. ಟ್ಯೂಷನ್ ಹಿಡಿದಿರಬೇಕು, ಇಲ್ಲವೇ ಟ್ರಸ್ಟಿನವರನ್ನು ಕಂಡು ಕುರ್ಚಿಗೆ ಮಸಲತ್ತು ಮಾಡುತ್ತಿರಬೇಕು ಎಂದು ಡೆಲ್ಮಾ ಲೆಕ್ಕ ಹಾಕಿದಳು. ಹೊಟ್ಟೆಕಿಚ್ಚಿಗೆ ಎದುರಿನವರ ಪ್ರತಿ ಹೆಜ್ಜೆಯೂ ತನ್ನ ಕಡೆಗೇ ಬರುವ ಹಾಗೆ ಕಾಣುತ್ತದೆ. ಈ ಒಂದು ಸಲ ಮಾತ್ರ ಅದು ಸರಿಯಾಗಿತ್ತು.

ಶುಕ್ರವಾರ ಇಗರ್ಜಿಯಿಂದ ಬಂದು ಊಟ ಮುಗಿಸಿದ್ದರು. ಬೊನವೆಂಚರ್ ಸೋಫಾದಲ್ಲಿ ಗೊರಕೆ ಹೊಡೆಯುತ್ತಿದ್ದ. ಬೆಲ್ ಆಯಿತು. ಬಾಗಿಲು ತೆರೆದರೆ ಕಾರ್ಮೆಲ್, ಕೈಯಲ್ಲಿ ಒಂದು ಪಟ್ಟಿ, ಚಪ್ಪಲಿಯೆಲ್ಲ ಧೂಳು. ಲಿಫ್ಟ್ ಕೆಟ್ಟಿತ್ತು, ನಾಲ್ಕು ಮಹಡಿ ಹತ್ತಿ ಬಂದಿದ್ದಳು.

“ಹಬ್ಬದ ದಿನಾ ಅಲ್ಲಾ, ಏನಿಲ್ಲಾ, ಹಿಂಗ ಬಂದೆ. ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ.”

ಡೆಲ್ಮಾ ಒಳಗೆ ಕರೆದು ಊಟದ ಮೇಜಿನ ಬಳಿ ಕೂರಿಸಿ ನೀರು ಕೊಟ್ಟಳು.

ಕಾರ್ಮೆಲ್ ಪಟ್ಟಿಯನ್ನು ಮೇಜಿನ ಮೇಲೆ ಬಿಡಿಸಿದಳು. ಏಳನೇ ತರಗತಿಯ ಹುಡುಗಿಯರ ಹೆಸರುಗಳು, ಒಂದೊಂದರ ಮುಂದೆ ಒಂದು ಗುರುತು. “ನನ್ನ ಕೈ ಕೆಲಸದಿಂದ ಯಾವ್ದೋ ಕೂಸಿಗೆ ತುರಿಕಿ ಬಂತೂಂತ ಕೇಳಿ ನಿದ್ದಿ ಬರಲಿಲ್ರಿ. ಕ್ಷಮಾ ಕೇಳೂಣಂತ ಮನಿ ಮನಿ ಹೊಂಟೆ. ಖೈತಾನ್ ಆತು, ಅಬ್ಬಾಸಿಯಾ ಆತು, ಒಂದು ಹುಡುಗಿ ಎಗೈಲಾದಾಗ ಇರ್ತಾಳ, ಅಲ್ಲೀಗೂ ಬಸ್ಸಿನ್ಯಾಗ ಹೋಗಿ ಬಂದೆ. ಮೂವತ್ತೊಂದು ಮನಿ ಆತ್ರಿ. ಎಲ್ಲಾರೂ ನಮ್ಮ ಹುಡುಗಿಗೆ ಏನೂ ಆಗಿಲ್ಲಂದ್ರು. ಚಾ ಕುಡಿಸಿ ಕಳಿಸಿದ್ರು. ನಿಮ್ಮ ಮನಿ ಒಂದ ಉಳೀತು.”

ಪಟ್ಟಿಯಲ್ಲಿ ಶರ್ಲಿನ್ ಹೆಸರಿನ ಮುಂದೆ ಮಾತ್ರ ಗುರುತಿರಲಿಲ್ಲ.

“ನೀವು ಯಾಕೆ ಇಷ್ಟು ತಿರುಗುದು?” ಡೆಲ್ಮಾಳ ದನಿ ಅವಳಿಗೇ ಕಠಿಣವಾಗಿ ಕೇಳಿಸಿತು. “ಕುರ್ಚಿಗೆ ಇದ್ರಿಂದ ಏನೂ ಆಗ್ಲಿಕ್ಕಿಲ್ಲ. ಮೇಡಂ ಅಷ್ಟೆಲ್ಲ ನೋಡುದಿಲ್ಲ.”

“ಯಾವ ಕುರ್ಚಿ ಅಕ್ಕಾರ?”

“ಎಚ್‌ಒಡಿ.”

ಕಾರ್ಮೆಲ್ ಒಂದು ಗಳಿಗೆ ಅವಳನ್ನು ನೋಡಿ ನಕ್ಕಳು. ಅಣಕದ ನಗುವಲ್ಲ, ನಿಜಕ್ಕೂ ನಗು ಬಂದದ್ದು. “ನಾನಾ? ನಾ ಮಾರ್ಚ್ ತನಕಾ ಅಷ್ಟ ಇರಾಕಿ. ಬಾಣಂತನಕ್ಕ ಹೋದ ಟೀಚರ್ ಜಾಗಾಕ್ಕ ಬಂದೇನಿ. ನಮ್ಮ ಮನಿಯವರ ಇಕಾಮಾದ ಮ್ಯಾಲ, ಅವರ ವೀಸಾದಾಗ ಇದ್ದೇನ್ರಿ, ಪರ್ಮನೆಂಟ್ ಹೆಂಗ ಕೊಡ್ತಾರ? ಕುರ್ಚಿ ನಿಮ್ದ. ನಾ ಸೇರಿದ ದಿನಾನ ಮೇಡಂ ಹೇಳಿದ್ರು, ಡೆಲ್ಮಾ ಮುಂದಿನ ಎಚ್‌ಒಡಿ, ಅವರು ಹೇಳಿದಂಗ ಕೇಳ್ರಿ, ಪ್ರದರ್ಶನದ ದಿನ ಎಲ್ಲಾರ ಮುಂದ ಹೆಸರು ಕರೀತೇನಿ, ಅಲ್ಲೀತನಕಾ ಸುಮ್ನಿರ್ರಿ ಅಂತ.”

ಡೆಲ್ಮಾ ಪಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

“ಅದಕ್ಕ ಮನಿ ಮನಿ ತಿರುಗೇನ್ರಿ” ಎಂದಳು ಕಾರ್ಮೆಲ್. “ನೀವು ಕುಂತ ಮೊದಲನೇ ದಿನಾನ ನಿಮ್ಮ ಡಿಪಾರ್ಟ್‌ಮೆಂಟಿನ ಮ್ಯಾಲ ಕಂಪ್ಲೇಂಟ್ ಇರಬಾರದು. ನಾ ಮಾಡಿದ್ದು ನಿಮ್ಮ ಹೆಸರಿಗೆ ಯಾಕ ಬರಬೇಕು? ಯಾರ ಮನ್ಯಾಗ ಅಂತ ಗೊತ್ತಾದ್ರ ಕಾಲು ಹಿಡದರೂ ಮುಗಿಸಿಬಿಡೋಣಂತ. ಶರ್ಲಿನ್‌ಗೇನರ ಆಗಿತ್ತೇನ್ರಿ? ಮುಚ್ಚಬ್ಯಾಡ್ರಿ, ನಾ ಬ್ಯಾಸರ ಮಾಡ್ಕೊಳ್ಳಂಗಿಲ್ಲ.”

ಮೂರು ತಿಂಗಳಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಎಷ್ಟು ದಿನ ಇರುತ್ತೀರಿ ಎಂದು ವ್ಯಾನಿನಲ್ಲಿ ತಿರುಗಿ ಒಂದು ಮಾತು. ಪಕ್ಕದ ಬೀದಿಯಲ್ಲಿರುವವಳನ್ನು ಇಡೀ ಖಂಡವೆಂದು ತಿಳಿದು, ಅದರ ಜೊತೆ ಯುದ್ಧ ಹೂಡಿ, ತನ್ನದೇ ಆಗಿದ್ದ ಕುರ್ಚಿಗಾಗಿ ಇಲ್ಲದ ಮಗುವಿಗೆ ಇಲ್ಲದ ತುರಿಕೆ ಹಚ್ಚಿದ್ದಳು. ನಿಜ ನಾಲಿಗೆಯ ತುದಿಗೆ ಬಂತು. ನಾನೇ ಹೇಳಿದ್ದು, ಹೊಟ್ಟೆಕಿಚ್ಚಿಗೆ ಹೇಳಿದ್ದು ಎಂದುಬಿಟ್ಟರೆ ಈ ಹೆಂಗಸು ಬಹುಶಃ ಕ್ಷಮಿಸಿಯೂ ಬಿಡುತ್ತಾಳೆ. ಆದರೆ ಕೌದಿ ಪುನಃ ಹಾಲಿಗೆ ಬರಬೇಕಾದರೆ ಅನಸೂಯಮ್ಮನಿಗೆ ಕಾರಣ ಹೇಳಬೇಕು. ಪ್ರದರ್ಶನದ ದಿನ, ಎಲ್ಲರ ಮುಂದೆ, ತನ್ನ ಹೆಸರು ಕರೆಯಲಿರುವವರಿಗೆ. ಹದಿನೆಂಟು ವರ್ಷ.

ಇಲ್ಲ ಎಂದರೆ ಪಟ್ಟಿಯಲ್ಲಿ ಮೂವತ್ತೆರಡೂ ಗುರುತು ಬಿದ್ದು, ದೂರೇ ಸುಳ್ಳೆಂದು ಗೊತ್ತಾಗಿ, ಅದನ್ನು ಮೇಡಂ ಬಳಿ ಒಯ್ದವರು ಯಾರೆಂದು ಚಿಕ್ಕ ಮಗುವಿಗೂ ತಿಳಿಯುತ್ತದೆ. ಹೌದು ಎಂದರೆ ಎಲ್ಲ ಇಲ್ಲಿಗೇ, ಈ ಮೇಜಿನ ಬಳಿಯೇ ಮುಗಿಯುತ್ತದೆ.

“ಹೌದು” ಎಂದಳು ಡೆಲ್ಮಾ. “ಶರ್ಲಿನ್‌ಗೇ ಆದದ್ದು. ನಾನು ಹೆಸರು ಹೇಳ್ಲಿಲ್ಲ, ನಿಮಗೆ ಬೇಜಾರಾಗ್ಬಾರ್ದು ಅಂತ. ಕೈಯೆಲ್ಲ ತುರಿಸ್ತಿತ್ತು ಪಾಪದ್ದಕ್ಕೆ.”

ಕಾರ್ಮೆಲ್‌ಳ ಮುಖ ಕುಗ್ಗಿಹೋಯಿತು. ಅವಳು ಎದ್ದು ಡೆಲ್ಮಾಳ ಹಿಂದಕ್ಕೆ ನೋಡಿದಳು. ಮಲಗುವ ಕೋಣೆಯ ಬಾಗಿಲಲ್ಲಿ ಶರ್ಲಿನ್ ನಿಂತಿದ್ದಳು. ಬೆಲ್ಲಿನ ಸದ್ದಿಗೇ ಎದ್ದು ಬಂದಿರಬೇಕು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಕಾರ್ಮೆಲ್ ಹೋಗಿ ಅವಳ ಮುಂದೆ ಮಂಡಿಯೂರಿ ಕುಳಿತು ಅವಳ ಎರಡೂ ಕೈ ಹಿಡಿದುಕೊಂಡಳು. “ಮಾಫ್ ಕರ್ ಬಾಯೆ” ಎಂದಳು. “ನಂಗ ಗೊತ್ತಾಗಲಿಲ್ಲವ್ವಾ. ಬಾಳ ತುರಿಸ್ತಿತ್ತೇನು?”

ಹನ್ನೆರಡು ವರ್ಷದ ಹುಡುಗಿ ಕಾರ್ಮೆಲ್ ಮಿಸ್ಸಿನ ತಲೆಯ ಮೇಲಿಂದ ತಾಯಿಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆ ಕಣ್ಣುಗಳಲ್ಲಿ ಮೊದಲು ಪ್ರಶ್ನೆಯಿತ್ತು, ಆಮೇಲೆ ಪ್ರಶ್ನೆ ಇರಲಿಲ್ಲ.

ಶರ್ಲಿನ್ ತನ್ನ ಒಂದು ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಕಲೆಯಿಲ್ಲದ, ನುಣುಪಾದ ಇನ್ನೊಂದು ತೋಳನ್ನು ಉಗುರಿನಿಂದ ಕೆರೆದುಕೊಳ್ಳತೊಡಗಿದಳು.

“ಎಸ್ ಮಿಸ್” ಎಂದಳು. “ಎ ಲಾಟ್.”

ತೋಳು ಕೆಂಪಾಗುವವರೆಗೂ ಕೆರೆದುಕೊಂಡಳು.